ಪಾರಿಯ ಹತ್ತು ಗಜ್ಜುಗ

ಶಾಲಿವಾಹನ ಶಕ ೨೧೪೭, ಶ್ರಾವಣ ಸೋಮವಾರ
(ನಿಮಗೆ ಇನ್ನೂ ಬಾರದ ವರ್ಷ)

ಬಾಲವಾಡಿಯ ಹುಲಿಗೆಮ್ಮ ಅಕ್ಕೋರಿಗೆ ಹೊಸ ಗುಡದೂರಿನ ಶಿವಗಂಗವ್ವ ಮಾಡುವ ಶರಣು.

ಇವತ್ತು ನನ್ನದು ಒಪ್ಪತ್ತು. ಕಸ ಹೊಡೆದು, ಬಾಗಿಲಿಗೆ ನೀರು ಹಾಕಿ, ಮಂಜುಬಲೆ ಹಿಂಡಿ ಕೊಡ ತುಂಬಿಸಿ, ಪೂಜೆ ಮುಗಿಸಿ ಬರೆಯಲು ಕೂತಿದ್ದೇನೆ. ಮಂಜುಬಲೆ ಅಂದರೆ ನಸುಕಿನ ಮಂಜು ಹಿಡಿದು ನೀರು ಮಾಡುವ ಪರದೆ. ಇಂಥ ಮಾತು ಇನ್ನೂ ಒಂದೆರಡು ಬರುತ್ತವೆ, ತಪ್ಪು ತಿಳಿಯಬೇಡಿ.

ನಿಮ್ಮ ಹತ್ತಿರ ಎಣಿಕೆ ಕಲಿತ ಹುಡುಗಿಯೊಬ್ಬಳು ನಮ್ಮ ಮನೆಗೆ ಸೊಸೆಯಾಗಿ ಬಂದಳಂತೆ, ನೀವು ಕೊಟ್ಟ ಗಜ್ಜುಗದ ಚೀಲ ಹಿಡಿದುಕೊಂಡು. ಅಂದಿನಿಂದ ಅತ್ತೆಯಿಂದ ಸೊಸೆಗೆ ಇಳಿದು ಬಂದಿದೆ. ಕಲ್ಲಿನಂಥ ಬೀಜ, ಒಂದಕ್ಕೂ ಹುಳ ಬಿದ್ದಿಲ್ಲ. ಜೊತೆಗೆ ನಿಮ್ಮ ಮಾತೂ ಬಂದಿದೆ: ಮುಟ್ಟು, ಸರಿಸು, ಆಮೇಲೆ ಅನ್ನು.

ನಮ್ಮಲ್ಲಿ ಮಕ್ಕಳಿಗೆ ಆರು ತುಂಬುವುದರೊಳಗೆ ಕಿವಿಗೆ ಎಣಿಮಣಿ ಹಾಕುತ್ತಾರೆ. ಕಣ್ಣೆದುರು ಏನಿದ್ದರೂ ಎಷ್ಟು ಅಂತ ಅದೇ ಹೇಳುತ್ತದೆ. ಅನುಕೂಲವೇ, ಬೈಯಲಾರೆ. ಆದರೆ ಪಂಕ್ತಿಗೆ ರೊಟ್ಟಿ ಹಂಚು ಅಂದರೆ ಮಣಿ ಹೇಳುವ ತನಕ ಆ ಮಕ್ಕಳು ಬುಟ್ಟಿ ಹಿಡಿದು ನಿಂತೇ ಇರುತ್ತವೆ. ಒಮ್ಮೆ ಹಾಕಿದರೆ ತೆಗೆಯುವ ಮಾತಿಲ್ಲ. ನನ್ನ ಮೊಮ್ಮಗಳು ಪಾರಿ ಹಾಗೆ ನಿಲ್ಲಬಾರದು ಅಂತ ನನ್ನ ಹಟ. ತಪಾಸಣೆಯವರ ಎದುರು ತಾನೇ ಎಣಿಸಿ ತೋರಿಸಿದ ಮಗುವಿಗೆ ಮಣಿ ಹಾಕುವುದಿಲ್ಲ.

ಹೋದ ವಾರ ತಪಾಸಣೆಯ ಗೋದೂಬಾಯಿ ಬಂದು ಹತ್ತು ಗಜ್ಜುಗ ಇಟ್ಟರು. ಪಾರಿ ಮುಟ್ಟಿದಳು, ಸರಿಸಿದಳು, "ಲಾಭ, ಎರಡು, ಮೂರು" ಅನ್ನುತ್ತ ಹತ್ತರ ತನಕ ಸರಿಯಾಗಿ ಹೋದಳು. ಕಾಳು ಅಳೆಯುವಾಗ ಮೊದಲ ಸೇರಿಗೆ ಒಂದು ಅನ್ನದೆ ಲಾಭ ಅನ್ನುವ ರೂಢಿ ನಿಮಗೂ ಗೊತ್ತಲ್ಲ.

"ಹಂಗಾರ ಎಷ್ಟಾದವವ್ವ?"

"ಒಂಬತ್ತು."

ಗೋದೂಬಾಯಿ ಮಣಿಯ ಡಬ್ಬಿ ತೆಗೆದೇಬಿಟ್ಟರು.

"ಇನ್ನೊಂದು ಎಲ್ಲಿ ಹೋತಲೇ?" ಅಂತ ನಾನು ಕೂಗಿದೆ.

"ಅದು ಲಾಭ ಅಲ್ಲೇನ್ ಆಯಿ? ಜೋಳ ಅಳಿಯೋವಾಗ ಲಾಭ ಅಂದು ನೀನ ಕೈ ಮುಗೀತಿ. ದೇವರದ್ದು ನಮ್ಮ ಲೆಕ್ಕಕ್ಕ ಹಿಡೀತಾರೇನು?"

ಗೋದೂಬಾಯಿ ಸೆರಗು ಬಾಯಿಗಿಟ್ಟು ನಕ್ಕರು. "ಆಯಿಗಿಂತ ಮೊಮ್ಮಗಳಿಗೇ ಭಕ್ತಿ ಜಾಸ್ತಿ. ದೇವರದ್ದೂ ಸೇರಿಸಿ ಹೇಳವ್ವ."

"ಹತ್ತು!"

ಡಬ್ಬಿ ಮುಚ್ಚಿತು. ಆದರೆ ದೀಪಾವಳಿಗೆ ಮತ್ತೆ ಬರುತ್ತಾರೆ, ಆಗ ಇಪ್ಪತ್ತು ಎಣಿಸಬೇಕು.

ಅಕ್ಕೋರೇ, ನಿಮ್ಮ ಹೊಟ್ಟೆ ತಣ್ಣಗಿರಲಿ. ನೋಡದ ಮಗುವಿಗೆ ನೀವು ಇಷ್ಟು ಮಾಡಿದಿರಿ. ದಿನಾ ದೀಪ ಹಚ್ಚುವಾಗ ನಿಮ್ಮ ಹೆಸರು ಹೇಳುತ್ತೇನೆ. ಹತ್ತು ದಾಟಿಸುವ ಬಗೆ ಮಾತ್ರ ನಮ್ಮ ತನಕ ಬಂದಿಲ್ಲ. ಹನ್ನೊಂದು ಅಂದ ಕೂಡಲೆ ಹುಡುಗಿ ತಬ್ಬಿಬ್ಬಾಗಿ ಮತ್ತೆ ಮೊದಲಿನಿಂದ ಶುರು ಮಾಡುತ್ತಾಳೆ. ನೀವು ಹತ್ತರ ಗಂಟು ಕಟ್ಟಿಸುತ್ತಿದ್ದಿರೋ, ನೆಲಕ್ಕೆ ಗೆರೆ ಎಳೆಸುತ್ತಿದ್ದಿರೋ? ನಾಲ್ಕು ಸಾಲು ಬರೆಯಿರಿ.

ಇದನ್ನು ಒಯ್ಯುವ ಅಂಚೆ ಹಿಂದಿನ ಕಾಲಕ್ಕೆ ಹೋಗುತ್ತದೆ, ಮುಂದಕ್ಕೆ ಬರುವುದಿಲ್ಲ. ಅದಕ್ಕೇ ಈ ಕಾಗದ ಯಾರ ಕೈಗೆ ಸಿಕ್ಕರೂ ಬೇಡಿಕೊಳ್ಳುತ್ತೇನೆ: ಅಕ್ಕೋರ ಹತ್ತಿರ ಹೋಗಿ ಉತ್ತರ ಇಸಿದುಕೊಂಡು, ಗಜ್ಜುಗ ಬಂದ ಹಾಗೆ ಕೈಯಿಂದ ಕೈಗೆ ದಾಟಿಸಿ, ನಮ್ಮ ದೀಪಾವಳಿಯೊಳಗೆ ನನಗೆ ತಲುಪಿಸಿ.