ಕುಡಿಯದವರ ಎಡೆಯಲ್ಲಿ ಬ್ರಾಂದಿ

ಸುಮಾಳ ಅಪ್ಪನವರಿಗೆ,

ನಿಮ್ಮ ಕ್ಷೇಮ ಕೇಳುವ ಹಾಗಿಲ್ಲ. ನಮ್ಮದು ಹೇಳುತ್ತಾ ಹೋದರೆ ಹೊತ್ತಾಗುತ್ತದೆ. ಮುಖ್ಯವಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ನಿಮಗೆ ಕೊಟ್ಟ ಮಾತನ್ನು ಈ ಸಲದ ಪಿತೃಪಕ್ಷದಲ್ಲಿ ಮುರಿದೆ. ಬೇರೆ ಯಾರಾದರೂ ನಿಮ್ಮ ಕಿವಿಗೆ ಹಾಕುವ ಮೊದಲು ನನ್ನಿಂದಲೇ ತಿಳಿಯಲಿ. ಅಲ್ಲಿ ಹೇಳುವವರು ಯಾರಿದ್ದಾರೆ ಎನ್ನಬೇಡಿ. ನಿಮ್ಮ ಅಮ್ಮ ಇದ್ದಾರಲ್ಲ, ಅವರೊಬ್ಬರು ಸಾಕು.

ಡಾಕ್ಟರು ಕಾಯಿಲೆಯ ಹೆಸರು ಹೇಳಿದ ದಿನ ನೆನಪಿದೆಯೇ? ಹಂಟಿಂಗ್ಟನ್ ಎಂದರು. ಮೆದುಳಿನ ಕಾಯಿಲೆ, ಕೈಕಾಲು ತಾವಾಗಿಯೇ ಆಡುತ್ತವೆ, ನಡಿಗೆ ತೂರಾಡುತ್ತದೆ, ವಂಶದಲ್ಲಿ ಇಳಿದು ಬರುತ್ತದೆ, ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಅರ್ಧಕ್ಕರ್ಧ ಬರುವ ಸಂಭವ ಎಂದರು. ಆಟೋದಲ್ಲಿ ಇಟ್ಟಮಡುವಿಗೆ ವಾಪಸು ಬಂದೆವು. ನಮ್ಮ ಹಿಟ್ಟಿನ ಮಿಲ್ಲಿನ ಮುಂದೆ ಇಳಿದವರೇ ಹೇಳಿದಿರಿ: "ಬೀದಿಯೋರೆಲ್ಲ ನನ್ನ ಕುಡುಕ ಅಂತಾರಲ್ಲ, ಅನ್ಲಿ ಬಿಡು. ಕುಡುಕನ ಮಗಳಿಗೆ ಗಂಡು ಸಿಗ್ತಾನೆ. ಈ ಕಾಯಿಲೆಯೋನ ಮಗಳಿಗೆ ಸಿಗಲ್ಲ. ಯಾರಿಗೂ ಹೇಳ್ಬೇಡ. ನಾಗನಿಗೂ ಹೇಳ್ಬೇಡ." ನಿಮ್ಮ ಕೈ ಹಿಡಿದು ಆಗಲಿ ಎಂದೆ. ನನ್ನ ಮುಷ್ಟಿಯೊಳಗೆ ನಿಮ್ಮ ಬೆರಳುಗಳು ರಾಗಿಯಲ್ಲಿ ಕಲ್ಲು ಆಯುವ ಹಾಗೆ ಆಡುತ್ತಲೇ ಇದ್ದವು.

ಪಂಚಾಮೃತ ಸ್ವಲ್ಪ ಹುಳಿ ಬಂದಿದ್ದರೂ ಬಾಯಿಗೆ ಹಾಕದ ಮನುಷ್ಯ ನೀವು. ಮಿಲ್ಲಿಗೆ ಬಂದವರು "ಬೆಳಗ್ಗೇನೇ ಹಾಕ್ಬಿಟ್ಟವ್ರೆ ಯಜಮಾನ್ರು" ಎಂದು ನಕ್ಕರೆ ನಾನು ತಲೆ ಎತ್ತಿಕೊಂಡೇ ಹಿಟ್ಟು ತೂಗಿದೆ. ನಿಮ್ಮ ಅಪ್ಪ ನಿಜವಾಗಿಯೂ ಕುಡಿಯುತ್ತಿದ್ದರಾದ್ದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಪ್ಪನಂತೆ ಮಗ ಎಂದರು, ಮುಗಿಯಿತು. ಅವರು ಬಾವಿಗೆ ಬಿದ್ದಾಗ ಅವರನ್ನು ತಳ್ಳಿದ್ದು ಹೆಂಡವೋ, ಅಥವಾ... ಈಗ ಯಾರನ್ನು ಕೇಳುವುದು? ನೀವೇ ಕೇಳಿ ನೋಡಿ.

ನೀವು ಹೋದ ಮೇಲಿನ ಮೊದಲ ಎಡೆಗೆ ನಿಮ್ಮ ತಮ್ಮ ನಾಗರಾಜ ಬಂದದ್ದು ನನ್ನ ಕಣ್ಣಮುಂದೆಯೇ ಇದೆ. ಅಂಗಿಯೊಳಗೆ ಬಚ್ಚಿಟ್ಟುಕೊಂಡು ಬ್ರಾಂದಿ ಬಾಟಲಿ ತಂದಿದ್ದ. "ಬೈಕೋಬೇಡಿ ಅತ್ತಿಗೆ. ಹಿರೀಕರಿಗೆ ಇಷ್ಟ ಇದ್ದಿದ್ದನ್ನ ಇಡ್ಬೇಕು" ಎಂದು ಅತ್ತುಬಿಟ್ಟ. ಕೊಟ್ಟ ಮಾತು ನೆನೆದು ನಾನು ಸುಮ್ಮನಾದೆ. ಅಂದಿನಿಂದ ಪ್ರತಿ ವರ್ಷ ನಿಮ್ಮ ಮುದ್ದೆ, ಬಾಡಿನ ಸಾರು, ಹೊಸ ಪಂಚೆಯ ಪಕ್ಕದಲ್ಲಿ ಬ್ರಾಂದಿ. ಅವನು ಮೇಲೆರಡು ಮಹಡಿ ಕಟ್ಟಿಸಿ ಬಾಡಿಗೆಗೆ ಕೊಟ್ಟ ಮೇಲೆ ಬಾಟಲಿಯ ಅಂತಸ್ತೂ ಏರಿತು. ಮಾರನೆಯ ದಿನ ಅಣ್ಣನ ಪ್ರಸಾದ ಎಂದು ತಾನೇ ಕುಡಿಯುತ್ತಿದ್ದ. ಇದೆಲ್ಲ ನೋಡಿ ನೀವು ನಗುತ್ತಿದ್ದಿರೋ, ಸಿಟ್ಟಾಗುತ್ತಿದ್ದಿರೋ?

ಈ ಸಲದ ಎಡೆಯ ದಿನ ಮಧ್ಯಾಹ್ನ, ಧೂಪ ಹಾಕಿ, ನೀವೆಲ್ಲ ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚಿ ನಾವು ಪಡಸಾಲೆಯಲ್ಲಿ ಕೂತೆವು. ನಾನು, ಗಂಡನ ಮನೆಯಿಂದ ಬಂದಿದ್ದ ಸುಮಾ, ನಾಗರಾಜ, ಅವನ ಹೆಂಡತಿ ರತ್ನ. ಬಿಸಿಲು ಚೆನ್ನಾಗಿತ್ತು. ಬೀದಿಯಲ್ಲಿ ಅದೇಕೋ ಒಂದು ಗಾಡಿಯ ಸದ್ದೂ ಇರಲಿಲ್ಲ. ಆಗ ಕೇಳಿಸಿತು, ಟಿಕ್... ಟಿಕ್ ಟಿಕ್... ಟಿಕ್. ಊಟಕ್ಕೆ ಕೂತಾಗ ನಿಮ್ಮ ಲೋಟ ತಟ್ಟೆಯ ಅಂಚಿಗೆ ತಾಗುತ್ತಿದ್ದ ಅದೇ ಸದ್ದು. ಒಂದು ಲೆಕ್ಕಕ್ಕೆ ಸಿಗದ, ನಿಂತಿತು ಎಂದುಕೊಳ್ಳುವಷ್ಟರಲ್ಲಿ ಮತ್ತೆ ಶುರುವಾಗುವ ಸದ್ದು. ರತ್ನ ತಾಳಿ ಹಿಡಿದುಕೊಂಡಳು.

ನಾಗರಾಜ ಮುಚ್ಚಿದ ಬಾಗಿಲನ್ನೇ ನೋಡುತ್ತಾ ಪಿಸುಗುಟ್ಟಿದ: "ಕೇಳಿಸ್ತಾ ಅತ್ತಿಗೆ? ಅಣ್ಣ ಬಂದವ್ನೆ. ಕುಡೀತಾವ್ನೆ ನೋಡಿ!" ಅವನ ಕಣ್ಣಲ್ಲಿ ನೀರಿತ್ತು, ಮುಖದ ತುಂಬ ಸಂತೋಷ. ನಾನು ಅವನ ಕಡೆ ತಿರುಗಿದೆ. ಅವನ ಕೈಯಲ್ಲಿ ನೀರಿನ ಸ್ಟೀಲ್ ಲೋಟವಿತ್ತು. ಬೆರಳುಗಳು ಅದರ ಮೇಲೆ ರಾಗಿ ಆಯುತ್ತಿದ್ದವು. ಉಂಗುರ ಲೋಟಕ್ಕೆ ಬಡಿಯುತ್ತಿತ್ತು. ಟಿಕ್... ಟಿಕ್ ಟಿಕ್. ಆ ಸದ್ದು ತನ್ನ ಕೈಯಿಂದ ಬರುತ್ತಿದೆ ಎಂಬುದು ಅವನಿಗೆ ಗೊತ್ತೇ ಇರಲಿಲ್ಲ.

ನಾನು ಎದ್ದೆ. ಕೆಮ್ಮಿ, ಬಾಗಿಲು ತಟ್ಟಿ, ಹಿರಿಯರಿಗೆ ಸೂಚನೆ ಕೊಟ್ಟು ತೆಗೆಯಬೇಕಾದ ಬಾಗಿಲನ್ನು ಹಾಗೆಯೇ ದೂಡಿದೆ. ಒಳಗೆ ಯಾರೂ ಇರಲಿಲ್ಲ ಎನ್ನಲೇ? ಧೂಪದ ಹೊಗೆ ನಿಮ್ಮ ಎಲೆಯ ಮುಂದೆ, ಒಬ್ಬರು ಕೂರುವಷ್ಟು ಜಾಗ ಬಿಟ್ಟು, ಸುತ್ತಲೂ ನಿಂತಿತ್ತು. ಬಾಟಲಿಯನ್ನೂ ಸುರಿದಿಟ್ಟಿದ್ದ ಗ್ಲಾಸನ್ನೂ ಎತ್ತಿಕೊಂಡು ಹೋಗಿ ಬಚ್ಚಲಿಗೆ ಚೆಲ್ಲಿದೆ.

"ಏನ್ ಮಾಡ್ತಿದ್ದೀರ ಅತ್ತಿಗೆ? ಅಣ್ಣನ ಬಾಯಿಂದ ಕಿತ್ಕೊಂಡ್ರಲ್ಲ!"

"ನಿಮ್ಮಣ್ಣ ಯಾವತ್ತೂ ಕುಡೀಲಿಲ್ಲ ನಾಗರಾಜ. ಕೂತ್ಕೋ. ನಿನ್ನ ಕೈ ನೋಡ್ಕೋ."

ಅವನು ನೋಡಿಕೊಂಡ. ಬೆರಳುಗಳು ಅವನ ಕಣ್ಣೆದುರೇ ಆಡುತ್ತಿದ್ದವು. "ನನ್ನ ಕೈಗೇನಾಗೈತೆ? ಚೆನ್ನಾಗೇ ಐತಲ್ಲ" ಎಂದ. ನೀವೂ ಹಾಗೆಯೇ ಅನ್ನುತ್ತಿದ್ದಿರಿ. ನಾವೆಲ್ಲ ಹಟಮಾರಿತನ ಎಂದುಕೊಳ್ಳುತ್ತಿದ್ದೆವು. ತನ್ನ ಮೈ ಅಲ್ಲಾಡುವುದು ತನಗೇ ತಿಳಿಯದಿರುವುದೂ ಈ ಕಾಯಿಲೆಯದೇ ಒಂದು ಗುಣವಂತೆ. ಆಮೇಲೆ ಗೊತ್ತಾಯಿತು.

ನಿಂತುಕೊಂಡೇ ಎಲ್ಲವನ್ನೂ ಹೇಳಿದೆ. ರತ್ನ ಸೆರಗು ಬಾಯಿಗೆ ಒತ್ತಿಕೊಂಡಳು. "ಅಕ್ಕ, ನಾನು ಎಷ್ಟೋ ದಿನದಿಂದ ನೋಡ್ತಿದ್ದೀನಿ. ಗಾಡಿ ಬೀಳಿಸ್ಕೊಂಡು ಬರ್ತಾರೆ. ಸುಮ್ಸುಮ್ನೆ ರೇಗ್ತಾರೆ. ಕದ್ದು ಕುಡೀತಾರೆ ಅಂತ ದಿನಾ ಬಾಯಿ ಮೂಸಿ ನೋಡ್ತಿದ್ದೆ. ವಾಸ್ನೇನೇ ಬರ್ತಿರ್ಲಿಲ್ಲ!" ಸುಮಾ ಮಾತ್ರ ಎದ್ದು ಹೋಗಿ ಎಲ್ಲರಿಗೂ ಎಲೆ ಹಾಕಿದಳು.

ಜಯನಗರದ ಆಸ್ಪತ್ರೆಗೆ ನಾಗರಾಜನನ್ನು ನಾನೇ ಕರೆದುಕೊಂಡು ಹೋದೆ. ರಕ್ತ ಕೊಟ್ಟು ಬಂದ. ನಾವು ಊಹಿಸಿದ್ದೇ ಆಯಿತು. "ನೋಡಿ ಅತ್ತಿಗೆ, ಒಂದು ತೊಟ್ಟೂ ಕುಡೀದೆ ತೂರಾಡೋ ಭಾಗ್ಯ ನಮ್ಮ ವಂಶಕ್ಕೇ ಬರ್ದಿರೋದು" ಎಂದು ನಕ್ಕ. ಅಲ್ಲಿ ವಂಶದ ಕಾಯಿಲೆಗಳನ್ನು ಬಿಡಿಸಿ ಹೇಳುವುದಕ್ಕೇ ಒಬ್ಬ ಹುಡುಗಿ ಇದ್ದಾಳೆ. ನಮ್ಮ ಜೀವಕಣದೊಳಗಿನ ವಂಶದ ಬರಹದಲ್ಲಿ ಒಂದು ಚಿಕ್ಕ ಪದ ಮತ್ತೆ ಮತ್ತೆ ಬರುತ್ತದಂತೆ. ಎಲ್ಲರಲ್ಲೂ ಇರುತ್ತದೆ, ಈ ಕಾಯಿಲೆಯವರಲ್ಲಿ ಅದು ಮಿತಿ ಮೀರಿರುತ್ತದೆ. ಈಚೆಗೆ ತಿಳಿದದ್ದೇನೆಂದರೆ, ಮೆದುಳಿನ ಕೆಲವು ಕಣಗಳೊಳಗೆ ಅದು ಹುಟ್ಟಿದಾಗಿನಿಂದ ಸದ್ದಿಲ್ಲದೆ ಉದ್ದವಾಗುತ್ತಲೇ ಹೋಗುತ್ತದಂತೆ. ಒಂದು ಗಡಿ ದಾಟಿದ ಮೇಲೆ ಕಣ ಸಾಯಲು ಶುರು. ಅಂದರೆ ದೇವರ ನಾಮ ಹೇಳುವವನು ನಿಲ್ಲಿಸುವುದನ್ನು ಮರೆತು, ಕತ್ತಲ ಕೋಣೆಯಲ್ಲಿ ಅದೊಂದನ್ನೇ ಹೇಳುತ್ತಾ ಕೂತ ಹಾಗೆ. ನಮ್ಮ ಮದುವೆಯ ದಿನ, ನೀವು ಧಾರೆಗೆ ಕೈ ಒಡ್ಡಿದಾಗಲೂ ಒಳಗೆ ಅದು ಹೇಳುತ್ತಲೇ ಇತ್ತೇ?

ಮೆದುಳಿಗೇ ನೇರವಾಗಿ ಔಷಧಿ ಸೇರಿಸಿ ಕಾಯಿಲೆಯ ಓಟ ನಿಧಾನ ಮಾಡುವುದನ್ನು ಹೊರದೇಶದಲ್ಲಿ ಕೆಲವೇ ಮಂದಿಯ ಮೇಲೆ ನೋಡಿದ್ದಾರಂತೆ. ಭರವಸೆ ಕಾಣುತ್ತಿದೆ, ಆದರೆ ನಮ್ಮ ಕೈಗಿನ್ನೂ ಸಿಗುವುದಿಲ್ಲ ಎಂದಳು. ನಾಗರಾಜನ ಮಗ ಕಿರಣನಿಗೆ ಹೊಸದಾಗಿ ಮದುವೆಯಾಗಿದೆ. ಮುಂದೆ ಹುಟ್ಟುವ ಮಗುವಿಗೆ ಇದು ಇಳಿಯದ ಹಾಗೆ ಮಾಡುವ ದಾರಿಯೂ ಇದೆಯಂತೆ, ಮನೆಯಲ್ಲಿ ಈ ಕಾಯಿಲೆ ಇದೆ ಎಂದು ಗೊತ್ತಿದ್ದವರಿಗೆ ಮಾತ್ರ. ಈಗ ಹೇಳಿ, ನಾನು ಮಾತು ಮುರಿದದ್ದು ತಪ್ಪೋ, ಸರಿಯೋ?

ನಿಮ್ಮನ್ನು ಏನಾದರೂ ಕೇಳಿದರೆ ನೀವು ಮೌನವಾಗಿ ನನ್ನನ್ನೇ ನೋಡುತ್ತಿದ್ದಿರಲ್ಲ, ಅದೂ ನೆನಪಾಗುತ್ತದೆ. ನಾನು ಬೇಸತ್ತು ಅಡುಗೆಮನೆಗೆ ಹೋದ ಮೇಲೆ ಕೋಣೆಯಿಂದ ನಿಮ್ಮ ದನಿ ಬರುತ್ತಿತ್ತು: "ಹೂಂ, ಸ್ವಲ್ಪ ಹಾಕು." ಇಂಥವರಿಗೆ ಮಾತು ಅರ್ಥವಾಗುತ್ತದೆ, ಉತ್ತರ ಮಾತ್ರ ತಡವಾಗಿ ಬರುತ್ತದೆ, ಕೇಳಿದವರು ಕಾಯಬೇಕು ಎಂದು ಆ ಹುಡುಗಿ ಹೇಳಿದಳು. ಈಗ ನಾಗರಾಜನ ಎದುರು ಕಾಯುತ್ತೇನೆ. ನುಂಗುವಾಗ ನೆತ್ತಿಗೇರದಂತೆ ಗಂಜಿಯನ್ನು ಗಟ್ಟಿ ಮಾಡುವುದನ್ನು ರತ್ನ ಕಲಿತಿದ್ದಾಳೆ. ಸಂಜೆ ಅವನ ತೋಳು ಹಿಡಿದು ಬೀದಿಯಲ್ಲಿ ನಡೆಸುತ್ತೇನೆ. ಯಾರಾದರೂ ಹಲ್ಲು ಕಿರಿದರೆ ನಿಂತು ಕಾಯಿಲೆಯ ಹೆಸರು ಹೇಳುತ್ತೇನೆ. ನಿಮ್ಮ ಹೆಸರನ್ನೂ ಸೇರಿಸಿಯೇ ಹೇಳುತ್ತೇನೆ. ಗಂಡನ ಹೆಸರು ಬಾಯಲ್ಲಿ ಬರಬಾರದು ಎಂದು ಬೆಳೆದವಳು ನಾನು. ಈಗ ಬರುತ್ತದೆ.

ಮೊನ್ನೆ ಸುಮಾ ಬಂದಿದ್ದಳು. ಚಪ್ಪರದವರೆಕಾಯಿ ಬಿಡಿಸುತ್ತಾ ಕೂತಿದ್ದಳು. ತಾನು ಪರೀಕ್ಷೆ ಮಾಡಿಸುವುದಿಲ್ಲವಂತೆ. "ನನ್ನ ಮಗಳ ಓದು ಮುಗೀಲಿ. ಆಮೇಲೆ ಯೋಚ್ನೆ ಮಾಡ್ತೀನಿ. ಗೊತ್ತಾದ್ಮೇಲೆ ಗೊತ್ತಿಲ್ದಂಗೆ ಬದುಕೋಕಾಗಲ್ಲಮ್ಮ" ಎಂದಳು. ಪರೀಕ್ಷೆ ಮಾಡಿಸದೆ ಇರಲೂಬಹುದಂತೆ, ಯಾರೂ ಬಲವಂತ ಮಾಡಬಾರದಂತೆ. ನಾನು ಹೂಂ ಎಂದೆ. ಅವಳು ಕಾಯಿ ಕೆಳಗಿಟ್ಟು, ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ಅಮ್ಮ, ನನ್ನ ಕೈ ನೋಡ್ಬೇಡ."

ನಾನು ನೋಡುತ್ತಿದ್ದೆನೇ? ಅವಳ ಜೊತೆ ಮಾತನಾಡುತ್ತಿದ್ದೇನೆ ಎಂದುಕೊಂಡಿದ್ದೆ.

ಅವಳಿಗೆ ಮಾತು ಕೊಟ್ಟಿದ್ದೇನೆ, ಇನ್ನು ಅವಳ ಮುಖ ನೋಡಿ ಮಾತನಾಡುತ್ತೇನೆ. ಇದನ್ನು ಮುರಿಯುವುದಿಲ್ಲ. ನೀವು ಅಲ್ಲಿಂದ ಬಂದು ಅವಳನ್ನು ನೋಡಿ ಹೋಗುವುದಿದ್ದರೆ ಬನ್ನಿ, ಬೇಡ ಎನ್ನುವುದಿಲ್ಲ. ಆದರೆ ನೀವೂ ಅವಳ ಮುಖವನ್ನಷ್ಟೇ ನೋಡಿ.

ಇಂತಿ,
ನಿಮ್ಮ ಮನೆಯವಳು