ಪ್ರೇಮಕುಮಾರಿ ಹೇಳಿದ ಬೆಳಕು ಸುಳ್ಳಲ್ಲ

ಮಾನ್ಯ ತೀರ್ಪುಗಾರ ಅಧಿಕಾರಿಗಳೇ,

ಕಳೆದ ತಿಂಗಳು ಹಾಸನದ ವಿಜ್ಞಾನ ವಸ್ತುಪ್ರದರ್ಶನದಲ್ಲಿ ನನ್ನ ವಿದ್ಯಾರ್ಥಿನಿ ಪ್ರೇಮಕುಮಾರಿಯ ಮಾದರಿಯ ಚೀಟಿಯ ಮೇಲೆ ತಾವು ಕೆಂಪು ಶಾಯಿಯಲ್ಲಿ ‘ಸುಳ್ಳು ಪ್ರದರ್ಶನ’ ಎಂದು ಬರೆದು ಸಹಿ ಹಾಕಿದಿರಿ. ಅದು ಸುಳ್ಳಲ್ಲ. ಸುಳ್ಳಲ್ಲವೆಂದು ತಮಗೆ ಗೊತ್ತಿತ್ತು. ಲಕೋಟೆಯಲ್ಲಿ ಕಳಿಸಿದ ಮೂರು ಪತ್ರಗಳಿಗೆ ಉತ್ತರ ಬರಲಿಲ್ಲವಾದ್ದರಿಂದ ಈ ನಾಲ್ಕನೆಯದನ್ನು ಪತ್ರಿಕೆಗೆ ಕೊಟ್ಟಿದ್ದೇನೆ. ಊರವರೆಲ್ಲ ಓದಿದ ಮೇಲಾದರೂ ತಮ್ಮ ಮೇಜಿಗೆ ತಲುಪೀತು.

ಆಷಾಢದಲ್ಲಿ ನಮ್ಮ ಹೈಸ್ಕೂಲಿನ ತಪಾಸಣೆಗೆ ಬಂದದ್ದು ತಮಗೆ ನೆನಪಿರಬೇಕು. ಅಂದು ಈ ಹುಡುಗಿ ಹಳೆಯ ಸೈಕಲ್ ಚಕ್ರವೊಂದನ್ನು ಮಲಗಿಸಿ, ಅಂಚಿಗೆ ಒದ್ದೆ ಹತ್ತಿಯ ಬತ್ತಿ ಸುತ್ತಿ, ಗಿರ್ರನೆ ತಿರುಗಿಸಿದಳು. ಸುತ್ತ ನಿಲ್ಲಿಸಿದ್ದ ಕಾಗದದ ಮೇಲೆ ಹನಿಗಳು ನೇರವಾಗಿ ಸಿಡಿದವು. ಸಿಂಕ್ರೊಟ್ರಾನ್ ಎಂಬ ಯಂತ್ರದಲ್ಲಿಯೂ ಹೀಗೇ ಎಂದಳು. ಗಾಳಿ ತೆಗೆದ ಉಂಗುರದಂಥ ಕೊಳವೆಯೊಳಗೆ ಎಲೆಕ್ಟ್ರಾನ್ ಕಣಗಳನ್ನು ಹೆಚ್ಚುಕಡಿಮೆ ಬೆಳಕಿನ ವೇಗದಲ್ಲಿ ಓಡಿಸುತ್ತಾರೆ. ನೇರ ಹೋಗಬೇಕಾದ ಕಣವನ್ನು ಬಲವಾದ ಅಯಸ್ಕಾಂತಗಳು ಬಾಗಿಸುತ್ತವೆ. ಬಾಗುವಾಗಲೆಲ್ಲ ಅದು ತಾನು ಸಾಗುತ್ತಿದ್ದ ದಿಕ್ಕಿಗೇ ಬೆಳಕನ್ನು ಚೆಲ್ಲುತ್ತದೆ. ಯಂತ್ರ ಕಟ್ಟಿದವರು ಮೊದಮೊದಲು ಇದನ್ನು ದಂಡ, ಶಕ್ತಿಯ ಸೋರಿಕೆ ಎಂದು ಗೊಣಗಿದರಂತೆ. ಆಮೇಲೆ ನೋಡಿದರೆ ಕಣ್ಣಿಗೆ ಕಾಣುವ ಬಣ್ಣಗಳಿಂದ ಹಿಡಿದು ಕಾಣದ ನೇರಳಾತೀತ ಕಿರಣ, ಕ್ಷ-ಕಿರಣಗಳವರೆಗೆ ಎಲ್ಲವೂ ಆ ಒಂದೇ ಬೆಳಕಿನಲ್ಲಿ ಇದ್ದವು. ಅದನ್ನು ಒಂದು ವಸ್ತುವಿನ ಮೇಲೆ ಬಿಟ್ಟು, ಯಾವ ಕಿರಣವನ್ನು ವಸ್ತು ಎಷ್ಟು ನುಂಗಿತೆಂದು ಅಳೆದರೆ ಒಳಗಿನ ಪರಮಾಣುಗಳ ಗುಟ್ಟು ಹೊರಬೀಳುತ್ತದೆ. ಬೇರಾವ ದೀಪವೂ ಇದನ್ನು ಇಷ್ಟು ಚೆನ್ನಾಗಿ ಮಾಡಲಾರದು. ಅಮೆರಿಕ, ಜರ್ಮನಿ, ಜಪಾನಿನವರು ಈಗಾಗಲೇ ಕೆಲಸ ಹಿಡಿದಿದ್ದಾರೆ.

ಇದನ್ನೆಲ್ಲ ನಾನು ಓದಿ ಅವಳಿಗೆ ಹೇಳಿಕೊಟ್ಟದ್ದು ಮೈಸೂರಿನ ಗೆಳೆಯರು ಕಳಿಸಿದ್ದ ಒಂದು ಇಂಗ್ಲಿಷ್ ವಿಜ್ಞಾನ ಪತ್ರಿಕೆಯಿಂದ. ತಾವು ಅದನ್ನು ಅಲ್ಲೇ ಕೂತು ಓದಿದಿರಿ. ಎರಡನೆಯ ಸಲ ಓದುತ್ತೇನೆಂದು ಚೀಲಕ್ಕೆ ಹಾಕಿಕೊಂಡಿರಿ. “ಹುಡುಗಿಯನ್ನು ಹಾಸನಕ್ಕೆ ಕರೆದುಕೊಂಡು ಬನ್ನಿ ಮೇಷ್ಟ್ರೇ. ಯಾರು ಏನೇ ಕೇಳಲಿ, ನಾನಿದ್ದೇನೆ” ಎಂದಿರಿ. ಆ ಮಾತು ನಂಬಿ ನಾವು ಬಂದೆವು.

ತಾವು ಇದ್ದಿರಿ, ಇಲ್ಲವೆನ್ನಲಾರೆ. ಬೆಂಗಳೂರಿನಿಂದ ಬಂದ ದೊಡ್ಡ ಸಾಹೇಬರ ಪಕ್ಕದಲ್ಲಿದ್ದಿರಿ. ಅವರು ಚಕ್ರ ನೋಡಿ, “ಬೆಳಕಿನ ಯಂತ್ರ ಅಂತ ಬರೆದಿದ್ದೀಯಲ್ಲಮ್ಮ, ಬೆಳಕೆಲ್ಲಿ?” ಎಂದರು.

“ಇಲ್ಲಿಲ್ಲ ಸಾ, ಜಪಾನಲ್ಲೈತೆ. ಇದು ಬರೀ ಓಲಿಕೆ” ಎಂದಳು ಹುಡುಗಿ.

ಸಾಹೇಬರು ನಕ್ಕರು. ಅವರು ನಕ್ಕರೆಂದು ತಾವೂ ನಕ್ಕಿರಿ. ಇಲ್ಲದ್ದನ್ನು ಇದೆ ಎನ್ನುವುದು ಸುಳ್ಳಲ್ಲವೇ ಎಂದು ಅವರು ಕೇಳಿದಾಗ ತಾವು ಲೇಖನಿ ತೆಗೆದಿರಿ. ಪಕ್ಕದ ಮೇಜಿನಲ್ಲಿ ಸುಣ್ಣ ಹಚ್ಚಿದ ಚೆಂಡೊಂದು ಚಂದ್ರನೆಂದು ಕೂತಿತ್ತು. ಅದಕ್ಕೆ ಮೊದಲ ಬಹುಮಾನ ಕೊಟ್ಟಿರಿ. ಚಂದ್ರನನ್ನು ಹಾಸನಕ್ಕೆ ತಂದಿದ್ದವರು ಯಾರು ಸ್ವಾಮಿ? ಪುರಾವೆ ಬೇಕಿದ್ದರೆ ತಾವು ಒಯ್ದ ಆ ಇಂಗ್ಲಿಷ್ ಪತ್ರಿಕೆ ತಮ್ಮ ಮನೆಯಲ್ಲೇ ಇತ್ತಲ್ಲ?

ಇಷ್ಟೇ ಆಗಿದ್ದರೆ ಬಹುಮಾನ ಹೋಯಿತೆಂದು ಸುಮ್ಮನಾಗುತ್ತಿದ್ದೆ. ಪ್ರೇಮಕುಮಾರಿಯ ತಂದೆ ಜಿನದಾಸಯ್ಯನವರು ಜಿನನಾಥಪುರದವರು. ಸತ್ಯವನ್ನು ವ್ರತವಾಗಿ ಹಿಡಿದವರು. ಅಪ್ಪಿತಪ್ಪಿಯೂ ಸುಳ್ಳಾಗಬಾರದೆಂದು ತಮ್ಮ ಬಟ್ಟೆ ಅಂಗಡಿಯಲ್ಲಿ ಕೇಳಿದ್ದಕ್ಕಿಂತ ನಾಲ್ಕು ಬೆರಳು ಹೆಚ್ಚಿಗೆ ಅಳೆದು ಕತ್ತರಿಸುತ್ತಾರೆ. ಅಂಥವರ ಕೈಗೆ ಮಗಳು ಸುಳ್ಳುಗಾತಿಯೆಂಬ ಸರ್ಕಾರಿ ಚೀಟಿ ಬಂತು. ಅವರು ಹೊಡೆಯಲಿಲ್ಲ, ಬಯ್ಯಲಿಲ್ಲ. ಸುಳ್ಳು ಹೇಳಿದ ಪಾಪಕ್ಕೆ ಬಸದಿಯಲ್ಲಿ ತಪ್ಪೊಪ್ಪಿಕೊಂಡು ಪ್ರಾಯಶ್ಚಿತ್ತ ಮಾಡಿಕೊಳ್ಳಬೇಕೆಂದರು. ಹುಡುಗಿ ಎರಡು ದಿನ ಒಪ್ಪಲಿಲ್ಲ. ಮೂರನೆಯ ದಿನ ತಂದೆಯೇ ಊಟ ಬಿಟ್ಟಾಗ ಬಸದಿಗೆ ಹೋದಳು. ಅಲ್ಲಿಂದೀಚೆಗೆ ಶಾಲೆಗೆ ಬಂದಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಅರ್ಜಿಗೆ ತಂದೆ ಸಹಿ ಹಾಕಿಲ್ಲ. ಕೊನೆಯ ದಿನ ಇದೇ ತಿಂಗಳ ಇಪ್ಪತ್ತು.

ನಾನು ಅವರ ಮನೆಗೆ ಹೋದೆ. ಚಾಪೆ ಹಾಕಿ ಕೂರಿಸಿದರು.

“ಸರ್ಕಾರದೋರು ಸುಮ್ಸುಮ್ನೆ ಬರೀತಾರಾ ಮೇಷ್ಟ್ರೇ? ಓದಿ ಸುಳ್ಳು ಕಲಿಯೋದಾದ್ರೆ ನಮ್ಗೆ ಆ ಓದು ಬ್ಯಾಡ” ಎಂದರು.

ಮಗಳು ಹೇಳಿದ್ದು ನಿಜವೆಂದೆ. ಅವರು, “ನೀವೂ ಅಲ್ಲೇ ನಿಂತಿದ್ರಂತೆ. ನಿಜ ಆಗಿದ್ರೆ ಅವತ್ಯಾಕೆ ಬಾಯಿ ಬಿಡ್ಲಿಲ್ಲ?” ಎಂದು ಕೇಳಿದರು.

ಅಂದು ವರ್ಗಾವಣೆಗೆ ಹೆದರಿ ಬಾಯಿ ಮುಚ್ಚಿಕೊಂಡಿದ್ದೆ. ತಾವು ಹೇಳುತ್ತೀರೆಂದು ಕಾದಿದ್ದೆ ಎಂಬುದೂ ನಿಜ. ತಮ್ಮಿಂದ ನನಗಾದ ಮೋಸವನ್ನು ಆ ಹುಡುಗಿ ನಮ್ಮಿಬ್ಬರಿಂದಲೂ ಅನುಭವಿಸಿದ್ದಾಳೆ.

ಆದ್ದರಿಂದ ಬಹುಮಾನ ಬೇಡ, ವಿಚಾರಣೆ ಬೇಡ. ಇಪ್ಪತ್ತನೆಯ ತಾರೀಖಿನೊಳಗೆ ಆ ಇಂಗ್ಲಿಷ್ ಪತ್ರಿಕೆಯನ್ನು ಹಿಡಿದು ಜಿನನಾಥಪುರಕ್ಕೆ ಬನ್ನಿ. ಜಿನದಾಸಯ್ಯನವರ ಎದುರು ಕೂತು, “ನಿಮ್ಮ ಮಗಳು ನಿಜ ಹೇಳಿದಳು, ನಾನು ತಪ್ಪು ಬರೆದೆ” ಎನ್ನಿ. ನನ್ನ ಮಾತನ್ನು ಅವರು ನಂಬುವುದಿಲ್ಲ, ತಮ್ಮ ಸಹಿಯನ್ನು ನಂಬುತ್ತಾರೆ. ನಾನೂ ತಮ್ಮ ಜೊತೆ ಬಂದು ನನ್ನ ತಪ್ಪು ಒಪ್ಪಿಕೊಳ್ಳುತ್ತೇನೆ. ಆಮೇಲೆ ನನ್ನನ್ನು ಎಲ್ಲಿಗೆ ಬೇಕಾದರೂ ವರ್ಗ ಮಾಡಿ.

ನಾನು ತಿಳಿದಂತೆ ಪ್ರೇಮಕುಮಾರಿ ಹುಟ್ಟಿದಾಗಿನಿಂದ ಸುಳ್ಳು ಹೇಳಿದವಳಲ್ಲ. ಬಸದಿಯಲ್ಲಿ ದೇವರೆದುರು ನಿಂತು “ನಾನು ಸುಳ್ಳು ಹೇಳಿದೆ” ಎಂದಳಲ್ಲ, ಅವಳ ಮೊದಲ ಸುಳ್ಳು ಅದು. ಅದನ್ನು ಹೇಳಿಸಿದವರು ನಾವು.

ಇಂತಿ,
ಮಾತಾಡಬೇಕಾದ ದಿನ ಮಾತಾಡದ,
ದುದ್ದದ ದೇವಯ್ಯ, ವಿಜ್ಞಾನದ ಮೇಷ್ಟ್ರು
ಡಿಸೆಂಬರ್ ೧೯೬೬