ಗೆದ್ದ ಹುಳುಗಳು

ಜುಲೈ 8, ಸೋಮವಾರ, ಸಂಜೆ

ಇವತ್ತೂ ಲ್ಯಾಬಲ್ಲಿ ಚುಚ್ಚುವ ಕೆಲಸ. ಸೂಜಿಯ ತುದಿಗೆ ಕೆಂಪು ಬ್ಯಾಕ್ಟೀರಿಯಾ, ರೇಷ್ಮೆ ಹುಳುವಿನ ಬೆನ್ನಿಗೆ ಒಂದು ಚುಚ್ಚು. ಮರುದಿನ ರಕ್ತ ತೆಗೆಯುವುದು. ರಕ್ತ ಅಂದರೆ ತಿಳಿ ಹಳದಿ ನೀರು, ಅಷ್ಟೇ. ಬ್ಯಾಕ್ಟೀರಿಯಾ ಬೆಳೆಸಿದ ಗಾಜಿನ ಪ್ಲೇಟಿನ ಮೇಲೆ ಅದರ ಹನಿ ಬಿದ್ದ ಕಡೆ ಅವು ಸತ್ತು ಸ್ವಚ್ಛ ಉಂಗುರ! ಚುಚ್ಚದ ಹುಳುವಿನ ರಕ್ತಕ್ಕೆ ಆ ಶಕ್ತಿ ಇಲ್ಲ. ಪೆಟ್ಟು ಬಿದ್ದ ಮೇಲೇ ಹುಟ್ಟುವ ಔಷಧ.

ಗೈಡ್ ಸ್ನೇಹಲತಾ ಮೇಡಂಗೆ ಖುಷಿ. "ತೇಜಶ್ರೀ, ಥೀಸಿಸ್ ಆಯ್ತು ಅಂದ್ಕೋ."

ಹುಳು ಹರದನಹಳ್ಳಿಯ ಮಲ್ಲಿಗಮ್ಮ ದೊಡ್ಡಮ್ಮನದು. ಕೇಳಿದಾಗೆಲ್ಲ ಕೊಡುತ್ತಾರೆ, ಪಾಪ.

ಜುಲೈ 10

ಪ್ರಯೋಗ ಮುಗಿದ ಹುಳುಗಳನ್ನು ಬ್ಲೀಚಿಂಗ್ ನೀರಿಗೆ ಹಾಕಬೇಕು. ರೂಲ್. ಕೆಲವು ಬದುಕಿದ್ದವು. ಸೊಪ್ಪು ಕೊಟ್ಟೆ, ಕರಕರ ತಿಂದವು. ಇಷ್ಟು ಹೋರಾಡಿ ಗೆದ್ದವನ್ನು... ಕೈ ಬರಲಿಲ್ಲ. ಡಬ್ಬಿಗೆ ತುಂಬಿಕೊಂಡೆ. ಮೇಡಂಗೆ ಹೇಳಲಿಲ್ಲ.

ಜುಲೈ 11

ಹರದನಹಳ್ಳಿ. ಹುಳುಮನೆಯಲ್ಲಿ ದೊಡ್ಡಮ್ಮನ ಸೊಸೆ ನಾಗಲಕ್ಷ್ಮಿ ಸೊಪ್ಪು ಹಾಕುತ್ತಿದ್ದಳು. ಬುಟ್ಟಿ ತರಲು ಹೊರಗೆ ಹೋದಳು. ಡಬ್ಬಿ ಬಿಚ್ಚಿ ಹುಳು ಮೇಯುವ ತಟ್ಟೆಯ ಮೂಲೆಗೆ ಸುರಿದೆ. ಉಳಿದವುಗಳ ಜೊತೆ ಸೇರಿಕೊಂಡವು. ಪುಣ್ಯದ ಕೆಲಸ ಅನ್ನಿಸಿತು.

ಜುಲೈ 17

ದೊಡ್ಡಮ್ಮನ ಮಗ, ನಾಗಲಕ್ಷ್ಮಿಯ ಗಂಡ ಭೀಮಣ್ಣನ ಫೋನ್. "ಉಳ ಎಲ್ಲಾ ಮೆತ್ತಗಾಗ್ಬುಟ್ಟವೆ ಕಣಮ್ಮಿ. ಸತ್ತವು ಕೆಂಪಗಾಯ್ತಾವೆ. ನಿಮ್ ಲ್ಯಾಬಲ್ಲಿ ಏನಾರ ಔಸ್ತಿ ಐತಾ?"

ಕೆಂಪಗೆ...

ನಾಳೆ ಬರ್ತೀನಿ ಅಂದು ಫೋನ್ ಇಟ್ಟೆ.

ಜುಲೈ 18

ಹೋದೆ. ಬಾಗಿಲಲ್ಲೇ ವಾಸನೆ. ಇನ್ನೇನು ಗೂಡು ಕಟ್ಟಬೇಕಿದ್ದ ಹುಳುಗಳನ್ನು ಗುಂಡಿಗೆ ಸುರಿಯುತ್ತಿದ್ದರು. ನಾಗಲಕ್ಷ್ಮಿ ದೂರದಲ್ಲಿ ಗೋಡೆ ಹಿಡಿದು ನಿಂತಿದ್ದಳು.

"ಮುಟ್ಟಾಗಿದ್ಲು. ಏಳ್ದೆ ಒಳೀಕ್ ಓಗವ್ಳೆ," ಅಂದರು ದೊಡ್ಡಮ್ಮ. "ಅದ್ಕೇ ಇಂಗಾಯ್ತು. ಇನ್ ಇವ್ಳು ಉಳಮನೆ ತುಳೀಕೂಡ್ದು."

"ಅತ್ತೆ, ನಾನ್ ತಲೆ ಮ್ಯಾಲೆ ನೀರ್ ಉಯ್ಕಂಡೇ..."

"ಬಾಯ್ಮುಚ್ಚು."

ನಾನೂ ಬಾಯಿ ಮುಚ್ಚಿಕೊಂಡೇ ಇದ್ದೆ. ಟೆಸ್ಟಿಗೆ ಅಂತ ನಾಲ್ಕು ಸತ್ತ ಹುಳು ತಂದೆ. ಬಸ್ಸಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತೆ.

ಜುಲೈ 22

ಆ ಸತ್ತ ಹುಳುಗಳಿಂದ ಬೆಳೆಸಿದ ಪ್ಲೇಟ್ ತುಂಬ ಕೆಂಪು. ನನ್ನ ಬ್ಯಾಕ್ಟೀರಿಯಾವೇ — ಮೇಡಂ ಕೂಡ ನೋಡಿ ಖಚಿತ ಮಾಡಿದರು. ಎಲ್ಲ ಹೇಳಿದೆ. ಮೇಡಂ ಪ್ಲೇಟಿನ ಮುಚ್ಚಳ ಹಾಕಿದರು.

"ಅವುಗಳ ರಕ್ತ ಸೋಂಕನ್ನ ತಡೀತು, ಅಳಿಸಲಿಲ್ಲ. ಬದುಕಿತು ಅಂದ್ರೆ ಶುದ್ಧ ಆಯ್ತು ಅಂತಲ್ಲ ಕಣಮ್ಮ. ಮಿಕ್ಕ ಹುಳಕ್ಕೆ ಆ ರಕ್ಷಣೆಯೂ ಇರ್ಲಿಲ್ಲ." ಆಮೇಲೆ — "ಊರಿಗೆ ಹೋಗಿ ಹೇಳು."

ಆಗಸ್ಟ್ 9

ಬಸ್ ಸ್ಟ್ಯಾಂಡ್ ತನಕ ಹೋಗಿ ವಾಪಸ್ ಬಂದೆ. ಮತ್ತೆ.

ಸಂಜೆ ಭೀಮಣ್ಣ ಫೋನಲ್ಲಿ ಹೇಳಿದ. ನಾಗಲಕ್ಷ್ಮಿ ತವರಿಗೆ ಹೋಗಿಬಿಟ್ಟಿದ್ದಾಳೆ, ಅರಕಲಗೂಡಿಗೆ. "ದಿನಾ ಅವ್ವನ ಮಾತು ಕೇಳಕಾಗ್ದೆ."

ಆಗಸ್ಟ್ 11, ಭಾನುವಾರ

ಹೇಳಿದೆ. ಡಬ್ಬಿ, ತಟ್ಟೆ, ಮೂಲೆ — ಎಲ್ಲ.

ದೊಡ್ಡಮ್ಮ ನಕ್ಕರು! "ನೀನ್ ಓದ್ದೋಳು. ನಿನ್ ಕೈಯಿಂದ ಎಂಗಾದಾತು? ಅವ್ಳ ಮ್ಯಾಲೆ ಕನಿಕರಕ್ಕೆ ನಿನ್ ತಲೆಗ್ ಕಟ್ಕತಾ ಇದೀಯ."

ಆಣೆ ಹಾಕಿದೆ.

"ಸುಮ್ಕಿರು. ಉಣ್ಣು."

ಮುದ್ದೆ ಬಡಿಸಿದರು. ಭೀಮಣ್ಣ ಊಟ ಬಿಟ್ಟು ಎದ್ದು ಹೋದ. ನಾನು ಉಂಡುಬಿಟ್ಟೆ.

ಆಗಸ್ಟ್ 13

ಅರಕಲಗೂಡು. ನಾಗಲಕ್ಷ್ಮಿ ಹೊಸಿಲಲ್ಲಿ ಕೂತು ಪೂರ್ತಿ ಕೇಳಿದಳು. ಅಳಲಿಲ್ಲ.

"ಅವತ್ತು ಅಲ್ಲೇ ನಿಂತಿದ್ಯಲ್ಲ ತೇಜು. ಒಂದ್ ಮಾತು ಅಂದಿದ್ರೆ ಆಗೋದು."

"ತಪ್ಪಾಯ್ತು."

"ಈಗ ನೀನ್ ಏಳಿದ್ರೂ ನಂಗೇ ನಂಬ್ಕೆ ಬರಾಕಿಲ್ಲ. ಎಲ್ರೂ ಅಂದೂ ಅಂದೂ... ನಂದೇ ಏನೋ ದೋಸ ಅನ್ಸ್‌ಬುಟ್ಟದೆ. ಮುಟ್ಟಾದ್ರೆ ನೀರಿನ್ ಕೊಡಾನೂ ಮುಟ್ಟಾಕಿಲ್ಲ ನಾನು."

ಕೈ ಹಿಡಿಯಲು ಹೋದೆ. ಸರಕ್ಕನೆ ಹಿಂದೆ ಸರಿದಳು.

"ಮುಟ್ಬ್ಯಾಡ," ಅಂದಳು.

ಸಿಟ್ಟಿಗೆ ಅಂದಳೋ, ಇಲ್ಲಾ ನಿಜಕ್ಕೂ ಅವಳು ಇವತ್ತು ಮುಟ್ಟಾಗಿದ್ದು...